ಪಥ್ಯದವನ ತಿಥಿಯೂಟ

ನಿವೃತ್ತರಾದವರಿಗೆ ಮಾತಾಡಲು ಉಳಿಯುವ ವಿಷಯಗಳು ಎರಡೇ ಎಂದು ನಾನು ಕಂಡುಕೊಂಡಿದ್ದೇನೆ. ಒಂದು, ಈಗಿನ ಮಕ್ಕಳು ಕೆಟ್ಟಿರುವುದು. ಇನ್ನೊಂದು, ತಮ್ಮ ಹೊಟ್ಟೆ ಕೆಟ್ಟಿರುವುದು. ಮೊದಲನೆಯದನ್ನು ಮೇಷ್ಟ್ರಾಗಿದ್ದಾಗಲೇ ಬೇಕಾದಷ್ಟು ಆಡಿ ಮುಗಿಸಿದ್ದರಿಂದ ಈಗ ನನ್ನ ಪಾಲಿಗೆ ಉಳಿದಿರುವುದು ಎರಡನೆಯದೇ. ಕೋಣಂದೂರಿನ ಪೇಟೆಯಲ್ಲಿ ಯಾರಾದರೂ ಸಿಕ್ಕಿ "ಹೆಂಗಿದೀರಿ ಮೇಷ್ಟ್ರೆ?" ಎಂದರೆ, ಅದು ಸುಮ್ಮನೆ ಕೇಳುವ ಮಾತೆಂದು ಗೊತ್ತಿದ್ದೂ, ನಾನು ಬೆಳಗಿನ ಹುಳಿತೇಗಿನಿಂದ ಹಿಡಿದು ಸಂಜೆಯ ಎದೆಯುರಿಯವರೆಗೆ ಸವಿಸ್ತಾರವಾಗಿ ಹೇಳುತ್ತೇನೆ. ಕೇಳಿದವರು ಬಸ್ ಬಂತು ಎಂದು ಓಡುತ್ತಾರೆ. ಬಸ್ಸೇನೂ ಬಂದಿರುವುದಿಲ್ಲ.

ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು. ಜೀರ್ಣಾಂಗಗಳ ಚಿತ್ರವನ್ನು ಬೋರ್ಡಿನ ಮೇಲೆ ವರ್ಷ ವರ್ಷವೂ ಬಿಡಿಸಿ, ಬಾಣದ ಗುರುತು ಹಾಕಿ, ಮಕ್ಕಳಿಂದ ಬರೆಸಿದ್ದೇನೆ. ಬೋರ್ಡಿನ ಮೇಲೆ ಅನ್ನ ಎಷ್ಟು ಸಲೀಸಾಗಿ ಇಳಿಯುತ್ತಿತ್ತು! ಬಾಣಗಳೆಲ್ಲ ಕೆಳಗೇ ತೋರಿಸುತ್ತಿದ್ದವು. ನನ್ನ ಹೊಟ್ಟೆಯಲ್ಲಿ ಮಾತ್ರ ಅರ್ಧಕ್ಕರ್ಧ ಬಾಣಗಳು ಮೇಲಕ್ಕೆ ತಿರುಗಿಕೊಂಡಿವೆ. ತೀರ್ಥಹಳ್ಳಿಯ ಡಾಕ್ಟರು ಪರೀಕ್ಷೆಯನ್ನೆಲ್ಲ ಮಾಡಿಸಿ, "ರೋಗ ಅಂತ ಎಂತದೂ ಇಲ್ಲ ಮೇಷ್ಟ್ರೆ. ಊಟ ತಿದ್ಕೊಳಿ, ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ. ಮಾತ್ರೆ ಯಾಕೆ ಸುಮ್ನೆ?" ಅಂದರು. ಜೀವನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ ಕೊನೆಗೆ ತನ್ನ ಊಟ ತಿದ್ದಿಕೊಳ್ಳುವ ಕೆಲಸ ಬಂತು.

ನನ್ನ ಹೆಂಡತಿ ಸರೋಜ ಡಾಕ್ಟರ ಮಾತನ್ನು ಸರ್ಕಾರಿ ಆದೇಶದಂತೆ ಜಾರಿಗೆ ತಂದಳು. ಬೆಳಿಗ್ಗೆ ಬಿಸಿನೀರು. ಕಾಫಿಯ ಲೋಟದಲ್ಲೇ, ಕಾಫಿಯ ಹೊತ್ತಿಗೇ, ಜೀರಿಗೆ ಕಷಾಯ. ಮಧ್ಯಾಹ್ನ ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಶುಂಠಿ ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ. ರಾತ್ರಿಯ ಊಟ ದೇವರಿಗೆ ದೀಪ ಹಚ್ಚುವ ಹೊತ್ತಿಗೇ ಮುಗಿಯಬೇಕು. ಆಮೇಲೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರಬೇಕು. ಸುಳ್ಳೇಕೆ ಹೇಳಲಿ, ಇದರಿಂದ ಹೊಟ್ಟೆ ನಿಜಕ್ಕೂ ಹಗುರವಾಯಿತು. ಆದರೆ ಇವೆಲ್ಲದರ ಜೊತೆಗೆ ಇನ್ನೊಂದು ವಿಧಿಯಿತ್ತು. ಪ್ರತಿ ತುತ್ತನ್ನೂ ಬಾಯಲ್ಲಿ ನೀರಾಗುವ ತನಕ ಅಗಿಯಬೇಕು. ಮನೆಯಲ್ಲಿ ಇದು ನಡೆಯುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಒಟ್ಟಿಗೇ ಏಳಬೇಕಷ್ಟೆ? ಒಂದು ಮದುವೆಯಲ್ಲಿ ಎಲ್ಲರೂ ಮಜ್ಜಿಗೆಯನ್ನವನ್ನೂ ಮುಗಿಸಿ, ಕೈ ಒಣಗಿಸಿಕೊಂಡು, ಕತ್ತು ಚಾಚಿ ಒಬ್ಬನನ್ನೇ ನೋಡುತ್ತಿದ್ದರು. ಆ ಒಬ್ಬ ನಾನು. ಇನ್ನೂ ಸಾರಿನಲ್ಲಿದ್ದೆ. ಎರಡನೇ ಪಂಕ್ತಿಗೆ ಕಾಯುತ್ತಿದ್ದವರು ಬಾಗಿಲಲ್ಲಿ ನಿಂತು ನನ್ನ ದವಡೆಯನ್ನೇ ದಿಟ್ಟಿಸುತ್ತಿದ್ದರು. ಅವತ್ತು ಪಕ್ಕದಲ್ಲಿ ಕೂತಿದ್ದ ಗೆಳೆಯ ಸುಬ್ರಾಯ, "ಏಳಾ ಮಾರಾಯ, ಮದುಮಕ್ಕಳಿಗೆ ಮಕ್ಕಳಾಗೋ ಹೊತ್ತಾಯ್ತು" ಎಂದು ಗಟ್ಟಿಯಾಗಿಯೇ ಹೇಳಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಸುಬ್ರಾಯ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು, ಅರಳಸುರಳಿಯವನು. ನನಗಿಂತ ಸ್ವಲ್ಪ ದೊಡ್ಡವನಾದರೂ ನಮ್ಮದು ಏಕವಚನದ ಸ್ನೇಹ. ಅವನ ಹೆಂಡತಿಯನ್ನು ಮಾತ್ರ ನಾನು ಗಿರಿಜತ್ತಿಗೆ ಎಂದೇ ಕರೆಯುವುದು. ಉಣ್ಣುವುದು ಹೇಗೆಂದು ಅವನನ್ನು ನೋಡಿ ಕಲಿಯಬೇಕಿತ್ತು. ಬಾಳೆಎಲೆಯ ಮುಂದೆ ಕೂತರೆ ಅವನ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಕಲ್ಲು ತಿಂದು ಕರಗಿಸುವ ಹೊಟ್ಟೆ ಅಂತ ನಾವೆಲ್ಲ ಹೊಟ್ಟೆಕಿಚ್ಚುಪಡುತ್ತಿದ್ದೆವು. ರೋಗ ಬಂದದ್ದು ಆ ಹೊಟ್ಟೆಗೇ. ನನ್ನದು ಬರೀ ಗಲಾಟೆಯ ಹೊಟ್ಟೆ. ಅವನದು ಸದ್ದೇ ಮಾಡದೆ ಒಳಗೊಳಗೇ ಕೆಟ್ಟಿತ್ತು. ದೊಡ್ಡಾಸ್ಪತ್ರೆಯವರು ಆಪರೇಷನ್ ಮಾಡಿ, ಇನ್ನು ಸೋಸಿದ ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದು ಕಳಿಸಿದರು. ಗಿರಿಜತ್ತಿಗೆ ಅದನ್ನು ವ್ರತದ ಹಾಗೆ ಪಾಲಿಸಿದರು. ಅವನು ಬೇಡಿಕೊಂಡ, ರೇಗಿದ, ಮಕ್ಕಳ ಹಾಗೆ ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ. ಅವರು ಜಗ್ಗಲಿಲ್ಲ. ಹೀಗೆ ಮಾಡಿದರೆ ಬದುಕುತ್ತಾನೆ ಎಂದು ಅವರು ನಂಬಿದ್ದರು. ನಾವೆಲ್ಲರೂ ನಂಬಿದ್ದೆವು.

ಆ ದಿನಗಳಲ್ಲಿ ಸುಬ್ರಾಯ ಮಧ್ಯಾಹ್ನ ನನಗೆ ಫೋನು ಮಾಡುತ್ತಿದ್ದ. "ಇವತ್ತು ಎಂತ ಉಂಡೆ? ಸರಿಯಾಗಿ ಹೇಳು, ಗಡಿಬಿಡಿ ಮಾಡ್ಬೇಡ" ಅನ್ನುತ್ತಿದ್ದ. ನಾನು ಉಂಡದ್ದು ತಂಬುಳಿ ಮತ್ತು ಬಾಳೆದಿಂಡು. ಅದನ್ನು ಹಸಿದವನಿಗೆ ಹೇಗೆ ಹೇಳುವುದು? ಬಾಯಿಗೆ ಬಂದದ್ದನ್ನು ಬಡಿಸತೊಡಗಿದೆ. ಪತ್ರೊಡೆ ಅಂದೆ, ಅದರ ಮೇಲೆ ಕೊಬ್ಬರಿ ಎಣ್ಣೆ ಅಂದೆ, ಕಜ್ಜಾಯ ಅಂದೆ. ಅವನು "ಹೂಂ, ಹೂಂ" ಎಂದು ಕೇಳುತ್ತಿದ್ದ. ಒಂದು ದಿನ ಹುರುಪಿನಲ್ಲಿ ಎಳೆ ಹಲಸಿನಕಾಯಿ ಪಲ್ಯ ಬಡಿಸಿಬಿಟ್ಟೆ. "ಕಾರ್ತಿಕ ಮಾಸದಲ್ಲಿ ಎಳೆ ಹಲಸು ಎಲ್ಲಿ ಸಿಕ್ತಾ ನಿಂಗೆ?" ಅಂದ. ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ಅವನೇ ಮೆಲ್ಲಗೆ, "ಇರ್ಲಿ ಬಿಡು. ಒಗ್ಗರಣೆಗೆ ಎಂತ ಹಾಕಿದ್ರು, ಅದು ಹೇಳು" ಅಂದ. ಹೇಳಿದೆ. ಮಾಘ ಮಾಸ ಬರುವುದರೊಳಗೆ ಸುಬ್ರಾಯ ಹೋದ. ಇವತ್ತಿಗೂ ಮಧ್ಯಾಹ್ನ ಫೋನು ಬಡಿದರೆ ನಾನು ಊಟ ಬಿಟ್ಟು ಓಡುತ್ತೇನೆ. ತೆಗೆದರೆ ಯಾವುದೋ ಬ್ಯಾಂಕಿನವರು ಸಾಲ ಬೇಕಾ ಎಂದು ಕೇಳುತ್ತಾರೆ.

ಈಗ ತಿಥಿಯೂಟದ ವಿಷಯಕ್ಕೆ ಬರುತ್ತೇನೆ. ಶ್ರಾದ್ಧದಲ್ಲಿ ಒಬ್ಬರನ್ನು ತೀರಿಕೊಂಡವರ ಸ್ಥಾನದಲ್ಲಿ ಕೂರಿಸಿ, ಕಾಲು ತೊಳೆದು, ಉಣ್ಣಿಸುತ್ತಾರೆ. ಬ್ರಾಹ್ಮಣಾರ್ಥಕ್ಕೆ ಕೂರುವುದು ಅನ್ನುತ್ತಾರೆ ಅದಕ್ಕೆ. ಅವರು ತೃಪ್ತಿಯಾಗಿ ಉಂಡರೆ ಹೋದವರು ಉಂಡಂತೆ. ಅವರು ಉಂಡ ಮೇಲೆಯೇ ಮನೆಯವರಿಗೆ ಊಟ. ಹಿಂದೆ ಇದಕ್ಕೆ ಜನ ತಾನಾಗಿ ಸಿಗುತ್ತಿದ್ದರು. ಈಗ ನಮ್ಮ ಪುರೋಹಿತ ಭಟ್ಟರ ಪಾಡು ಕೇಳಬೇಡಿ. "ಒಬ್ಬರಿಗೆ ಶುಗರ್, ಪಾಯಸ ಆಗಲ್ಲ. ಇನ್ನೊಬ್ಬರಿಗೆ ಗ್ಯಾಸು, ಉದ್ದಿನ ವಡೆ ಆಗಲ್ಲ. ಮತ್ತೊಬ್ಬರು ಸಂಜೆ ಆರಕ್ಕೆ ಮುಂಚೆ ಉಪ್ಪಿಟ್ಟು ಬಿಟ್ರೆ ಎಂತದೂ ತಿನ್ನಲ್ವಂತೆ. ಹಿಂಗಾದ್ರೆ ಪಿತೃಗಳು ಯಾರ ಬಾಯಲ್ಲಿ ಉಣ್ಬೇಕು ಮೇಷ್ಟ್ರೆ?" ಎಂದು ಅವರು ನನ್ನ ಹತ್ತಿರ ಗೋಳಾಡುತ್ತಾರೆ. ನಿವೃತ್ತನಾದ ಹೊಸತರಲ್ಲಿ ನಾನೂ ಹೋಗುತ್ತಿದ್ದೆ. ಪಥ್ಯ ಶುರುವಾದ ಮೇಲೆ ಬಿಟ್ಟಿದ್ದೆ.

ಸುಬ್ರಾಯನ ವರ್ಷದ ತಿಥಿಗೆ ಕರೆಯಲು ಅವನ ಮಗ ಪ್ರಶಾಂತ ಬೈಕಿನಲ್ಲಿ ಬಂದ. ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ಹುಡುಗ. "ಮಾವ, ಅಪ್ಪನ ಸ್ಥಾನಕ್ಕೆ ನೀವೇ ಕೂರ್ಬೇಕು ಅಂತ ಅಮ್ಮ ಹೇಳಿದಾಳೆ" ಅಂದ.

"ನನ್ನ ಹೊಟ್ಟೆ ಕಥೆ ಗೊತ್ತಲ್ಲ ಮಾರಾಯ. ವಡೆ, ಎಳ್ಳುಂಡೆ, ಪಾಯಸ, ಇದೆಲ್ಲ ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡು."

ಅವನು ಹೆಲ್ಮೆಟ್ಟನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತ. ಆಮೇಲೆ, "ಅಮ್ಮನ ಹೊಟ್ಟೆ ಕಥೆ ಸ್ವಲ್ಪ ಕೇಳಿ ಮಾವ. ಅಪ್ಪ ಹೋದಾಗಿಂದ ಅವಳು ಗಂಜಿ ಬಿಟ್ರೆ ಎಂತದೂ ತಿಂತಿಲ್ಲ. ಅಪ್ಪಂಗೆ ಸೋಸಿ ಕೊಡ್ತಿದ್ಲಲ್ಲ, ಅದೇ ಗಂಜಿ. ಕೇಳಿದ್ರೆ ಜೀರ್ಣ ಆಗಲ್ಲ ಅಂತಾಳೆ. ಡಾಕ್ಟ್ರು ಎಲ್ಲ ನೋಡಿದ್ರು, ಹೊಟ್ಟೇಲಿ ಎಂತ ತೊಂದ್ರೆನೂ ಇಲ್ಲ ಅಂದ್ರು. ನನ್ನ ಅಂಗಡೀಲಿರೋ ಔಷಧನೆಲ್ಲ ತಂದು ಕೊಟ್ಟೆ. ಒಣಗಿ ಕಡ್ಡಿಯಾಗಿದಾಳೆ. ಮೊನ್ನೆ ಗದರಿಸಿ ಕೇಳಿದ್ದಕ್ಕೆ, 'ಕೊನೇಲಿ ಅವರು ಒಂದು ವಡೆ ಕೇಳಿದ್ರು ಕಣಾ, ನಾನು ಕೊಡ್ಲಿಲ್ಲ. ಅವರಿಗೆ ಕೊಡದೇ ಇದ್ದಿದ್ದು ನನ್ನ ಗಂಟಲಲ್ಲಿ ಹೆಂಗೆ ಇಳೀತದೆ?' ಅಂದ್ಲು. ತಿಥಿ ದಿನ ಅವರು ಹೊಟ್ಟೆ ತುಂಬ ಉಂಡ್ರೆ ತಾನೂ ಉಣ್ತೀನಿ ಅಂದಿದಾಳೆ" ಅಂದ.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಸರೋಜ ಕಣ್ಣೊರೆಸಿಕೊಂಡು ಬಂದು, "ಹೋಗಿ" ಅಂದಳು. "ಆದ್ರೆ ವಡೆ ಒಂದೇ. ಪಾಯಸ ಎಲೆಗೆ ಮುಟ್ಟಿಸಿದ ಹಾಗೆ. ಎಲೆ ಮೇಲೆ ಕೈ ಅಡ್ಡ ಇಟ್ಬಿಡಿ" ಎಂದೂ ಸೇರಿಸಿದಳು.

ತಿಥಿಯ ದಿನ ಗಿರಿಜತ್ತಿಗೆಯನ್ನು ನೋಡಿ ನನಗೆ ಸಂಕಟವಾಯಿತು. ಕೈಯಲ್ಲಿ ಉಳಿದಿದ್ದ ಒಂದೇ ಚಿನ್ನದ ಬಳೆ ಮೊಣಕೈ ತನಕ ಸರಿಯುತ್ತಿತ್ತು. ಅಡಿಗೆಯನ್ನು ಸೊಸೆ ಮಾಡಿದ್ದರೂ ವಡೆ ಮಾತ್ರ ತಾನೇ ಕರಿಯುತ್ತೇನೆಂದು ಮಡಿಯುಟ್ಟು ಒಲೆಯ ಮುಂದೆ ಕೂತಿದ್ದರು. ಹಾಗೆ ಅವರು ಕೂರುವುದು ಕ್ರಮವೋ ಅಲ್ಲವೋ ಎಂದು ಭಟ್ಟರು ಒಂದು ಗಳಿಗೆ ನೋಡಿ, ದರ್ಭೆ ಬಿಡಿಸತೊಡಗಿದರು. ಒಳ್ಳೆಯ ಮನುಷ್ಯ. ಪ್ರಶಾಂತ ನನ್ನ ಕಾಲು ತೊಳೆದ. ನೀರು ತಣ್ಣಗಿತ್ತು, ಅವನ ಕೈ ಬೆಚ್ಚಗಿತ್ತು. ಅವನು ತೊಳೆಯುತ್ತಿರುವುದು ನನ್ನ ಕಾಲನ್ನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಹಿಮ್ಮಡಿಯ ಬಿರುಕು ನನ್ನದೇ ಆದ್ದರಿಂದ ನಾಚಿಕೆಯಾಯಿತು.

ಬಡಿಸಿದರು. ಹಾಗಲಕಾಯಿ ಗೊಜ್ಜು, ಬಾಳೆಕಾಯಿ ಪಲ್ಯ, ಸುವರ್ಣಗಡ್ಡೆ ಹುಳಿ, ಎಳ್ಳುಂಡೆ, ಪಾಯಸ, ಬಿಸಿ ವಡೆ. ಈ ಊಟದಲ್ಲಿ ಮಾತಾಡುವಂತಿಲ್ಲ. ಅಡಿಗೆ ಚೆನ್ನಾಗಿದೆ ಎನ್ನುವಂತೆಯೂ ಇಲ್ಲ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ಮೊದಲ ವಡೆಯನ್ನು ನನ್ನ ವಿಧಿಯಂತೆ ನಿಧಾನವಾಗಿ ಅಗಿದು ತಿಂದೆ. ಪ್ರಶಾಂತ ಮತ್ತೆ ವಡೆ ತಂದ. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿ ಎಲೆಯ ಮೇಲೆ ಅಡ್ಡ ಬಂತು. ಬಂದದ್ದೇ ಅಡಿಗೆಮನೆಯ ಬಾಗಿಲಿನಿಂದ ದನಿ ಕೇಳಿಸಿತು.

"ಯಾಕೆ, ಸಾಕಾ? ಗರಿಗರಿ ಇದೆ, ನಾನೇ ಕರ್ದಿದ್ದು. ಇವತ್ತು ನಾನು ಬೇಡ ಅನ್ನಲ್ಲ. ಎಷ್ಟು ಬೇಕಾದ್ರೂ ತಗಳಿ."

ತಲೆಯೆತ್ತಿ ನೋಡಿದೆ. ಗಿರಿಜತ್ತಿಗೆ ಸೌಟು ಹಿಡಿದು ನಿಂತಿದ್ದರು. ನನ್ನ ಹತ್ತಿರ ಅವರು ಮಾತಾಡುವಾಗ ಮೇಷ್ಟ್ರೆ ಅನ್ನದೆ ಮಾತು ಶುರುವಾಗುವುದೇ ಇಲ್ಲ. ಇದು ನನ್ನ ಹತ್ತಿರ ಆಡಿದ ಮಾತಾಗಿರಲಿಲ್ಲ. ಪೆದ್ದನ ಹಾಗೆ ನಾನು ಹಿಂದಿರುಗಿ ನೋಡಿದೆ, ಯಾರಾದರೂ ಬಂದು ಕೂತಿದ್ದಾರೋ ಎಂಬಂತೆ. ಗೋಡೆ ಇತ್ತು. ಎಲೆಯ ಮೇಲಿನ ಕೈ ತೆಗೆದೆ.

ಆಮೇಲೆ ನಾನು ತಿಂದೆ. ಬಡಿಸಿದ್ದನ್ನೆಲ್ಲ ತಿಂದೆ. ಒಂದೊಂದು ವಡೆಯನ್ನೂ ನೀರಾಗುವ ತನಕ ಅಗಿದೆ, ಯಾರೂ ನನ್ನನ್ನು ಅವಸರ ಮಾಡಲಿಲ್ಲ. ಬಾಗಿಲಲ್ಲಿ ನಿಂತ ಗಿರಿಜತ್ತಿಗೆ ಪ್ರತಿ ತುತ್ತು ಗಂಟಲಿಳಿಯುವುದನ್ನೂ ನೋಡುತ್ತಿದ್ದರು. ಈ ವಡೆಯನ್ನು ಬಯಸಿ ಬಯಸಿ ಒಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದನಲ್ಲ ಎಂದು ನೆನೆದು ನನಗೆ ಅಳು ಒತ್ತರಿಸಿ ಬಂತು. ಶ್ರಾದ್ಧದಲ್ಲಿ ಕಣ್ಣೀರು ಹಾಕಬಾರದು. ಸಾರಿನ ಮೆಣಸು ನೆತ್ತಿಗೇರಿತು ಎಂಬಂತೆ ಕೆಮ್ಮಿ ಮುಖ ಒರೆಸಿಕೊಂಡೆ. ಸಾರು ಇನ್ನೂ ಬಡಿಸಿರಲಿಲ್ಲ. ಭಟ್ಟರು ಇದನ್ನೂ ನೋಡದ ಹಾಗಿದ್ದರು.

ಕೊನೆಯಲ್ಲಿ ತೃಪ್ತಿಯಾಯಿತೇ ಎಂದು ಕೇಳುವ ಕ್ರಮ. ಭಟ್ಟರು ಹೇಳಿಕೊಟ್ಟಂತೆ ಪ್ರಶಾಂತ ಸಂಸ್ಕೃತದಲ್ಲಿ ಕೇಳಿದ. ಉತ್ತರವನ್ನೂ ಸಂಸ್ಕೃತದಲ್ಲೇ ಹೇಳಬೇಕು. ಹೇಳಿದೆ. ಬಾಗಿಲ ಕಡೆ ನೋಡಿದೆ. ಗಿರಿಜತ್ತಿಗೆಯ ಮುಖ ಇನ್ನೂ ಕಾಯುತ್ತಲೇ ಇತ್ತು. ಎಲ್ಲಿಂದ ಬಂತೋ ಏನೋ, "ಹೊಟ್ಟೆ ತುಂಬ್ತು ಗಿರಿಜಾ" ಅಂದುಬಿಟ್ಟೆ. ಜನ್ಮದಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದವನಲ್ಲ. ಪ್ರಶಾಂತ ಬೆಚ್ಚಿ ನನ್ನನ್ನು ನೋಡಿದ. ಗಿರಿಜತ್ತಿಗೆ ಸೆರಗು ಬಾಯಿಗೊತ್ತಿಕೊಂಡು, "ಹೂಂ" ಎಂದಷ್ಟೇ ಹೇಳಿ ಒಳಗೆ ಹೋದರು.

ದಕ್ಷಿಣೆ ತಾಂಬೂಲ ಮುಗಿಸಿ ನಾನು ಜಗಲಿಯಲ್ಲಿ ಕಂಬಕ್ಕೊರಗಿ ಕೂತೆ. ಒಳಗೆ ಮನೆಯವರು ಊಟಕ್ಕೆ ಕೂತಿದ್ದರು. "ಅತ್ತೆ, ವಡೆ ಹಾಕ್ಲಾ?" ಎಂದು ಸೊಸೆ ಕೇಳಿದಳು. ನಾನು ಕಂಬ ಬಿಟ್ಟು ಬಾಗಿಲ ಕಡೆ ವಾಲಿದೆ. ಬಹಳ ಹೊತ್ತಿನ ಮೇಲೆ ಗಿರಿಜತ್ತಿಗೆಯ ದನಿ ಬಂತು. "ಅರ್ಧ ಹಾಕು." ಇನ್ನೂ ಸ್ವಲ್ಪ ಹೊತ್ತಿಗೆ, "ಇನ್ನರ್ಧ ಎಲ್ಲಿಟ್ಟೆ? ಅದನ್ನೂ ಹಾಕು" ಅಂದರು. ಪ್ರಶಾಂತ ಒಳಗಿನಿಂದ ಎದ್ದು ಬಂದು, ಎಂಜಲು ಕೈಯಲ್ಲೇ, ನನ್ನ ಮುಂದೆ ನಿಂತ. ಬರುವ ವರ್ಷವೂ ನಾನೇ ಕೂರುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಹೊರಟೆ.

ಮನೆಗೆ ಬಂದ ಕೂಡಲೇ ಸರೋಜ, "ನಿಜ ಹೇಳಿ, ಎಷ್ಟು ವಡೆ ತಿಂದ್ರಿ?" ಎಂದು ಕೇಳಿದಳು.

"ನಾನು ಎಂತದೂ ತಿಂದಿಲ್ಲ. ತಿಂದಿದ್ದೆಲ್ಲ ಸುಬ್ರಾಯ" ಅಂದೆ.

ಶಾಸ್ತ್ರದ ಪ್ರಕಾರ ಇದು ಅಪ್ಪಟ ಸತ್ಯ. ಆದರೆ ಸಂಜೆಯ ಹೊತ್ತಿಗೆ ನನ್ನ ಹೊಟ್ಟೆ ಶಾಸ್ತ್ರವನ್ನು ಒಪ್ಪಲಿಲ್ಲ. ಬಾಣಗಳೆಲ್ಲ ಒಟ್ಟಿಗೇ ಮೇಲಕ್ಕೆ ತಿರುಗಿದವು. ಎದೆಯಿಂದ ಗಂಟಲಿನ ತನಕ ಉರಿ. ವಡೆಯನ್ನು ತಾನು ತಿಂದು ಉರಿಯನ್ನು ಮಾತ್ರ ನನಗೆ ಬಿಟ್ಟು ಹೋಗಿದ್ದಾನಲ್ಲ ಪಾಪಿ ಎಂದು ಬೈದುಕೊಂಡೆ. ಬೈಯುತ್ತಿದ್ದಂತೆಯೇ ಕಣ್ಣು ತುಂಬಿತು. ಅಷ್ಟು ತಿಂಗಳು ಅವನು ತನ್ನ ಹೊಟ್ಟೆಯ ಉರಿಯನ್ನು ಒಬ್ಬನೇ ಉಂಡ. ಅದರಲ್ಲಿ ಒಂದು ಚೂರೂ ನಮಗೆ ಯಾರಿಗೂ ಬಡಿಸಲಿಲ್ಲ. ಸರೋಜ ಕಷಾಯ ತಂದಿಟ್ಟು, "ಇನ್ನೊಂದು ಸಲ ಈ ತಿಥಿಯೂಟದ ಸುದ್ದಿ ಎತ್ತಿದ್ರೆ ನೋಡಿ" ಅಂದಳು. ನಾನು ಹೊಟ್ಟೆ ಹಿಡಿದುಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ, ಆಗಲಿ ಎಂದು ತಲೆಯಾಡಿಸಿದೆ.