ಸಣ್ಣದಾಗದ ಮಾಂತು

ಮಾಂತುವಿನ ಫೋಟೋ ಇಂದಾಪುರಕ್ಕೆ ಹೋಗಲೊಲ್ಲದು. ಮಾಂತು ಮಾತ್ರ ಬೆಳಗಿನಿಂದ ಮನಸ್ಸಿನಲ್ಲೇ ಅಲ್ಲಿ ಹೋಗಿ ಕೂತಿದ್ದ. ಬಳಗದ ಮದುವೆಯೊಂದರಲ್ಲಿ ಅಲ್ಲಿನ ಶಿವಾನಿ ಅವನಿಗೆ ಹುಗ್ಗಿ ಬಡಿಸಿ, "ಇನ್ನಷ್ಟು ಹಾಕ್ಲೇನ್ರಿ?" ಅಂದಿದ್ದಳು. ಅಂದಿನಿಂದ ತಾನು ಕೆಲಸ ಮಾಡುವ ಮಗರಪಟ್ಟಾದ ಆಫೀಸಿನ ಗದ್ದಲವೆಲ್ಲ ಅವನಿಗೆ ದೂರದ ಭಜನೆಯಂತೆ ಕೇಳಿಸುತ್ತಿತ್ತು. ಅವಳ ಮನೆಯವರು ಸಂಜೆಯೊಳಗೆ ಫೋಟೋ ಕೇಳಿದ್ದರು. ಸಿಗದಿದ್ದರೆ ಸೊಲ್ಲಾಪುರದ ವರನನ್ನು ನೋಡಲು ಹೊರಡುವವರು.

ಹೊಸ ಡಿಜಿಟಲ್ ಕ್ಯಾಮೆರಾದ ಫೋಟೋ ಬಲು ಭಾರ. ಇಂದಾಪುರದ ಇಂಟರ್ನೆಟ್ ಲೈನು ಮುದಿ ಎತ್ತಿನಂಥದು. ಕಳಿಸಿದ ಮೇಲ್ ಹೋದ ದಾರಿಯಲ್ಲೇ ತಿರುಗಿ ಬರುತ್ತಿತ್ತು.

ಸೈಬರ್ ಕೆಫೆಯ ಸುಖೇಶ್ ಕುಂದಾಪುರದ ಕಡೆಯವನು. "ಉದ್ದ ಅಗಲ ಕಡಿಮೆ ಮಾಡುವ ಮಾರಾಯ್ರೆ. ಫೈಲು ಹಗುರ ಆಗ್ತದೆ, ಮುಖ ಚೊಕ್ಕ ಇರ್ತದೆ" ಎಂದ.

ಮಾಂತುವಿನ ಜೊತೆಗೆ ಬಂದಿದ್ದ ತಾಯಿ ರುದ್ರವ್ವ ಸುಖೇಶನ ಕೈ ತಡೆದಳು. "ನನ್ನ ಮಗನ್ನ ಸಣ್ಣ ಮಾಡಬ್ಯಾಡಪಾ. ಮೊದಲ ಕುಳ್ಳ ಅದಾನ. ಇನ್ನೂ ಗಿಡ್ಡ ಮಾಡಿದ್ರ ಆ ಹುಡುಗಿ ಇವನ್ನ ಎಲ್ಲೆ ಹುಡುಕಬೇಕು?"

"ಅಮ್ಮಾ, ಫೋಟೋ ಸಣ್ಣದಾದ್ರೆ ಜನ ಸಣ್ಣ ಆಗುದಿಲ್ಲ."

"ನೋಡೋರ ಕಣ್ಣಿಗೆ ಆಗ್ತಾನ."

ಪಕ್ಕದ ಮನೆಯ ಬಿಂದುಮಾಧವರಾಯರು, ಯಾರೂ ಕರೆಯದಿದ್ದರೂ ಬಂದವರು, ತೀರ್ಪು ಕೊಟ್ಟರು. "ಅಳತಿ ಹಂಗ ಇರ್ಲಿ. ಕ್ವಾಲಿಟಿ ಇಳಸ್ರಿ. ಕ್ವಾಲಿಟಿ ಹೆಂಗಿದ್ರೂ ಮದುವ್ಯಾದ ಮ್ಯಾಲೇ ಗೊತ್ತಾಗೋದು."

ಸುಖೇಶ್ ಇಳಿಸಿದ. ಮೇಲ್ ತಿರುಗಿ ಬಂತು. ಇಳಿಸಿದ್ದನ್ನೇ ಮತ್ತೆ ಇಳಿಸಿದ. ಮೀಸೆ ಕರಗಿ ಗಲ್ಲಕ್ಕೆ ಹರಡಿ ಗಡ್ಡವಾಯಿತು. ಹಣೆಯ ವಿಭೂತಿ ನೆತ್ತಿಗೇರಿತು. ತಲೆಯ ಹಿಂದಿನ ಟ್ಯೂಬ್‌ಲೈಟು ಒಡೆದು ಸುತ್ತಲೂ ಬೆಳಕಿನ ಚೌಕಗಳಾದವು.

"ಏನ್ ಕಳಾ ಬಂತವ್ವಾ ನನ್ನ ಮಗಗ!" ಎಂದಳು ರುದ್ರವ್ವ.

ಮಾಂತುವಿಗೆ ಆ ಮಂಜಿನಾಚೆ ಹುಗ್ಗಿಯ ಸೌಟು ಹಿಡಿದ ಶಿವಾನಿಯೇ ಕಂಡಳು. "ಕಳಸ್ರಿ" ಎಂದ, ಕನಸಿನಲ್ಲಿ ಮಾತಾಡಿದವನಂತೆ.

ಈ ಸಲ ಮೇಲ್ ಹೋಯಿತು. ಸಂಜೆಗೆ ಮಾಂತುವಿನ ಮೊಬೈಲ್ ರಿಂಗಾಯಿತು. ಹುಡುಗಿಯ ಅಜ್ಜಿ ಸಾಬವ್ವ.

"ಫೋಟೋ ಮುಟ್ಟಿತಪಾ. ನೋಡಿದ ಕೂಡ್ಲೇ ಕೈ ತಾವಾಗಿ ಮುಗದ್ವು. ಪ್ರಿಂಟ್ ತಗಸಿ ದೇವರ ಜಗಲಿ ಮ್ಯಾಲೆ ಇಟ್ಟೀವಿ. ಯಾವ ಮಠದ ಅಜ್ಜಾರು?"

ಮಾಂತು ಎದ್ದು ನಿಂತ. "ಅಜ್ಜಿ, ಅದು..."

"ಇರ್ಲಿ ಬಿಡು. ನಿನ್ನ ಫೋಟೋ ಕಳಿಸೋಕಿಂತ ಮೊದಲ ಗುರುಗಳದು ಕಳಿಸಿದಿ, ಛಲೋ ಸಂಸ್ಕಾರ. ಆದ್ರ ಹೊತ್ತಾತು, ನಾವು ಸೊಲ್ಲಾಪುರದ ಬಸ್ ಹತ್ತೀವಿ. ಹೊರಡೂ ಮುಂದ ನಮ್ಮ ಶಿವಾನಿ ಅಜ್ಜಾರ ಮುಂದ ಭಾಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ಲು, ಸೊಲ್ಲಾಪುರದ್ದು ಕೂಡಿ ಬರ್ಲಿ ಅಂತ."