ನಿಧಿಯ ತಿಜೋರಿಗೆ ಅರ್ಧ ಕಂತಿನ ಅರಿಕೆ

ವಿರಾಜಪೇಟೆ
ಪ್ರಜೋತ್ಪತ್ತಿ ಸಂವತ್ಸರ, ಕಾರ್ತಿಕ ಮಾಸ

ಶ್ರೀ ಪರಹಿತ ನಿಧಿಯ ಒಳಕೋಣೆಯಲ್ಲಿ ನೆಲೆಸಿರುವ, ಎರಡು ಬೀಗದ, ಹಿತ್ತಾಳೆ ಹಿಡಿಯ ತಿಜೋರಿಯವರ ಪಾದಗಳಿಗೆ, ತಮಗೆ ನಾಲ್ಕಿರುವುದರಿಂದ ನಾಲ್ಕಕ್ಕೂ, ಊಟದ ಮನೆಯ ಮಹಾದೇವಮ್ಮ ಅಡ್ಡಬಿದ್ದು ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ಮನುಷ್ಯರನ್ನು ಬಿಟ್ಟು ತಮಗೇಕೆ ಬರೆಯುತ್ತಿದ್ದಾಳೆ ಎಂದು ತಾವು ಬೆರಗಾಗಬಾರದು. ಮೊನ್ನೆ ತಮ್ಮ ಬೀಗದಕೈ ಇಟ್ಟುಕೊಂಡಿರುವ ಕಾರ್ಯದರ್ಶಿ ಚಿದಂಬರಯ್ಯನವರ ಮುಂದೆ ಕೈಮುಗಿದು ನಿಂತು, ತಿಂಗಳಿಗೆ ಹತ್ತು ರೂಪಾಯಿಯ ಕಂತನ್ನು ಒಂದು ವರ್ಷದ ಮಟ್ಟಿಗೆ ಐದು ಮಾಡಿ, ಉಳಿದದ್ದನ್ನು ಕಡೆಗೆ ಬಡ್ಡಿ ಸಮೇತ ಕಟ್ಟುತ್ತೇನೆ ಎಂದು ಕೇಳಿದೆ. ಅವರು ನಶ್ಯ ಏರಿಸಿಕೊಂಡು, ತಮ್ಮ ಕಡೆ ಬೆರಳು ತೋರಿಸಿ, "ನನ್ನ ಕೈಯಲ್ಲಿ ಏನಿದೆ ಮಹಾದೇವಮ್ಮ, ತಿಜೋರಿಯನ್ನು ಕೇಳಿ" ಎಂದರು. ಹಿರಿಯರ ಮಾತು ಮೀರಬಾರದೆಂದು ಕೇಳುತ್ತಿದ್ದೇನೆ.

ತಾವು ನನಗೆ ಹೊಸಬರಲ್ಲ. ತಲಚೇರಿಯಿಂದ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿ ತಾವು ದಯಮಾಡಿಸಿದ ದಿನ, ತಮ್ಮನ್ನು ಇಳಿಸಿದ ಎಂಟು ಆಳುಗಳಿಗೆ ಮಜ್ಜಿಗೆ ಕೊಟ್ಟವಳು ನಾನೇ. ಊಟದ ಮನೆಯ ಹುಲ್ಲು ತೆಗೆದು ಹೆಂಚು ಹೊದಿಸಲು ನಿಧಿಯಿಂದ ಸಾಲ ಪಡೆದು ಆ ಮನೆಯನ್ನೇ ಅಡವಿಟ್ಟ ಪತ್ರವೂ ತಮ್ಮ ಹೊಟ್ಟೆಯಲ್ಲಿದೆ. ಎರಡು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. ಈಗ ಎರಡು ತಪ್ಪಿವೆ. ಮೂರನೆಯದು ತಪ್ಪಿದರೆ ಮನೆ ಹರಾಜು ಎಂದು ಅದೇ ಪತ್ರ ಹೇಳುತ್ತದಂತೆ.

ಕಾರಣ ತಿಳಿಯಬೇಕಾದರೆ, ತಾವು ಕಾಲಿಗೆ ಗಾಲಿ ಹಾಕಿಸಿಕೊಂಡು ಚೆಟ್ಟಳ್ಳಿಯ ಕಾಫಿ ತೋಟಗಳವರೆಗೆ ಒಮ್ಮೆ ಹೋಗಿ ಬರಬೇಕು. ಕಾಫಿಯ ಧಾರಣೆ ಅರ್ಧಕ್ಕೆ ಇಳಿದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬುತ್ತಿ ಕಟ್ಟಿಕೊಂಡು ಪೇಟೆಗೆ ಬರುತ್ತಾರೆ. ಗಾಡಿಯ ಬೋಜಪ್ಪ ಒಂದೂಟ ಹೇಳಿ, ಇಬ್ಬರು ಕೂರುತ್ತೇವೆ, ಎಲೆ ಮಾತ್ರ ದೊಡ್ಡದು ಹಾಕಕ್ಕ ಎಂದು ನಗುತ್ತಾನೆ. ನಾನೂ ನಕ್ಕು ಹಾಕುತ್ತೇನೆ. ಸೋಮವಾರ ಒಪ್ಪೊತ್ತು ಮಾಡುವವಳು ನಾನು. ಈಗ ಪೇಟೆಗೆ ಪೇಟೆಯೇ ವಾರವಿಡೀ ಒಪ್ಪೊತ್ತು ಮಾಡುತ್ತಿದೆ, ಭಕ್ತಿಯಿಂದಲ್ಲ.

ಕಂತು ಇಳಿಸಿದರೆ ಧರ್ಮ ಕೆಡುತ್ತದೆ ಎನ್ನುವ ಅಂಜಿಕೆ ತಮಗಿದ್ದರೆ ಒಂದು ಮಾತು ನೆನಪಿಸುತ್ತೇನೆ. ಪ್ರತಿ ಶುಕ್ರವಾರ ತಮ್ಮ ನೆತ್ತಿಯ ಮೇಲಿನ ಲಕ್ಷ್ಮಿ ಪಟಕ್ಕೆ ಪೂಜೆ. ನಿಧಿಯವರು ಸಾಮಾನು ಕೊಡುತ್ತಾರೆ, ಇಪ್ಪತ್ತೊಂದು ಕಾಯಿಕಡುಬು ಬೇಯಿಸಿ ತರುವುದು ನನ್ನ ಸೇವೆ. ಆಷಾಢದಲ್ಲಿ ಇದೇ ಚಿದಂಬರಯ್ಯನವರು ಕರೆಸಿ, ತೆಂಗಿನಕಾಯಿ ತುಟ್ಟಿಯಾಗಿದೆ, ಕಾಲ ಸುಧಾರಿಸುವವರೆಗೆ ಹನ್ನೊಂದೇ ಸಾಕು, ತಾಯಿಗೆ ನಮ್ಮ ಕಷ್ಟ ತಿಳಿಯದೇ ಎಂದರು. ತಾಯಿಗೆ ತಿಳಿಯಿತು. ಪತ್ರ ಕೇಳಲಿಲ್ಲ, ಬಡ್ಡಿ ಕೇಳಲಿಲ್ಲ, ಬಾಕಿ ಹತ್ತು ಕಡುಬಿಗೆ ನಿಧಿಯ ಕಟ್ಟಡವನ್ನು ಹರಾಜು ಕೂಗಲೂ ಇಲ್ಲ. ಮಹಾಲಕ್ಷ್ಮಿಯೇ ಅರ್ಧಕ್ಕೆ ಒಪ್ಪಿರುವಾಗ, ಆಕೆಯ ಪಾದದ ಕೆಳಗಿರುವ ತಾವು ಪೂರ್ತಿಗೆ ಹಟ ಹಿಡಿಯುವುದು ತಮ್ಮಂಥ ದೊಡ್ಡವರಿಗೆ ಒಪ್ಪುವುದಿಲ್ಲ.

ಆದ್ದರಿಂದ ಬರುವ ಶುಕ್ರವಾರ, ಮಂಗಳಾರತಿಯಾದ ಮೇಲೆ, ಎಲ್ಲರೂ ಸೇರಿರುವಾಗ, ಈ ಪತ್ರವನ್ನು ತಮ್ಮೆದುರು ಗಟ್ಟಿಯಾಗಿ ಓದುತ್ತೇನೆ. ಕೂಡದು ಎಂದು ತಮ್ಮ ಬಾಯಿಂದಲೇ ಒಂದು ಮಾತು ಬಂದರೆ, ಅಂದೇ ಮನೆಯ ಬೀಗದಕೈ ಒಪ್ಪಿಸುತ್ತೇನೆ. ತಾವು ಸುಮ್ಮನಿದ್ದರೆ, ಮೌನವೇ ಸಮ್ಮತಿ ಎಂದು ನಮ್ಮ ಶಾಲೆಯ ಅಯ್ಯಗಳು ಕಲಿಸಿದಂತೆ ತಿಳಿದುಕೊಂಡು, ಅಲ್ಲೇ ಐದು ರೂಪಾಯಿ ಇಟ್ಟು ರಸೀದಿಗೆ ಕೈಯೊಡ್ಡುತ್ತೇನೆ. ತಮ್ಮನ್ನೇ ಕೇಳಿ ಎಂದವರು ರಸೀದಿ ಬರೆಯದಿರಲಾರರು.

ಅರ್ಧ ಕಂತಿನ, ಆದರೆ ಪೂರ್ತಿ ಮನಸ್ಸಿನ
ತಮ್ಮ ವಿಶ್ವಾಸಿ,
ಮಹಾದೇವಮ್ಮ

ಮರೆತ ಮಾತು: ಶುಕ್ರವಾರ ತಾವು ಬಾಯಿ ಬಿಡುವುದೇ ಆದರೆ, ಹನ್ನೊಂದು ಕಡುಬಿನಲ್ಲಿ ತಾಯಿಯ ಮುಂದೆ ಒಂದನ್ನು ಬಿಟ್ಟು ಉಳಿದ ಹತ್ತು ವಾರವಾರ ಯಾರ ಮನೆಗೆ ನಡೆಯುತ್ತವೆ ಎಂಬುದನ್ನೂ ಆ ಸಭೆಯಲ್ಲೇ ಹೇಳಿಬಿಡಿ. ಬೀಗ ತೆಗೆಯುವವರ ಕೈಯಲ್ಲಿ ಕಡುಬಿನ ತುಪ್ಪ ಮೆತ್ತಿರುವುದು ತಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು.