ಮೂರನೆಯ ಟಿಕೆಟ್ಟು

ಯೂನಿಯನ್ ಸಿಟಿಯ ತಾಜುದ್ದೀನನ ಶನಿವಾರ ಕೆಟ್ಟದ್ದು ಪಕ್ಕದ ಮನೆಯ ದೇವೇಂದ್ರಪ್ಪನವರು ಕೇಳಿದ ಒಂದೇ ಒಂದು ಪ್ರಶ್ನೆಯಿಂದ. ಪ್ರಶ್ನೆ ಚಂದ್ರನಿಗೆ ಸಂಬಂಧಪಟ್ಟದ್ದು. ಕೇಳಿದ್ದು ಮಾತ್ರ ಹಿತ್ತಲ ಬೇಲಿಯ ಆ ಕಡೆಯಿಂದ, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು.

ದೇವೇಂದ್ರಪ್ಪನವರು ವಿದೇಶದಲ್ಲಿ ನೆಲೆಸಿದ್ದ ಮಗ ಶಿವಶರಣನ ಮನೆಗೆ ಆರು ತಿಂಗಳ ಮಟ್ಟಿಗೆ ಹೆಂಡತಿ ಈರವ್ವನ ಜೊತೆ ಬಂದಿದ್ದರು. ಗದಗಿನ ಕಡೆ ಮೂವತ್ತೊಂದು ವರ್ಷ ಬಸ್ಸುಗಳನ್ನು ಅಡ್ಡಗಟ್ಟಿ ಟಿಕೆಟ್ಟು ತಪಾಸಣೆ ಮಾಡಿದ ಚೆಕಿಂಗ್ ಇನ್‌ಸ್ಪೆಕ್ಟರು. ನಿವೃತ್ತರಾಗಿ ಒಂಬತ್ತು ವರ್ಷ ಕಳೆದಿದ್ದರೂ ಅವರ ಕಣ್ಣು ಇನ್ನೂ ಡ್ಯೂಟಿಯಲ್ಲೇ ಇತ್ತು. ಎಲ್ಲಿ ನಾಲ್ಕು ಜನ ಕಂಡರೂ ಒಮ್ಮೆ ತಲೆ ಎಣಿಸಿಬಿಡುತ್ತಿದ್ದರು.

ಹಿಂದಿನ ಸಂಜೆ ಅವರ ಮೊಮ್ಮಗಳು ಶಿವಾನಿ ಮತ್ತು ತಾಜುದ್ದೀನನ ಮಗಳು ಇನಾಯಾ ಕೂತು ಮನುಷ್ಯ ಚಂದ್ರನ ಮೇಲೆ ಇಳಿದ ಹಳೆಯ ಫಿಲ್ಮು ನೋಡಿದ್ದರು. ಇಬ್ಬರೂ ಐದನೇ ಕ್ಲಾಸು. ಸೋಮವಾರ ಸ್ಕೂಲಿನಲ್ಲಿ ಇನಾಯಾ ಆ ಬಗ್ಗೆ ಮಾತಾಡುವುದಿತ್ತು. ನೌಕೆಯ ಒಳಗಿಂದ, ಕಿಟಕಿಯ ಮೂಲಕ ತೆಗೆದ ಚಿತ್ರ ಅದು. ಇಬ್ಬರು ಗಗನಯಾತ್ರಿಗಳು ಹೊರಗೆ ನೆಲದ ಮೇಲೆ ಓಡಾಡುತ್ತಿರುತ್ತಾರೆ. ಮಕ್ಕಳ ಹಿಂದೆ ನಿಂತು ನೋಡಿದ ದೇವೇಂದ್ರಪ್ಪನವರಿಗೆ ಲೆಕ್ಕ ಹತ್ತಲಿಲ್ಲ.

“ಸಾಹೇಬ್ರ, ಗಾಡ್ಯಾಗ ಹೋದವ್ರು ಇಬ್ರು. ಇಬ್ರೂ ಹೊರಗ ಅದಾರ. ಹಂಗಾದ್ರ ಒಳಗ ನಿಂತು ಫಿಲ್ಮ್ ತಗಿಯಾಕತ್ತಾನಲ್ಲ, ಅವಾ ಯಾರು? ಅವನ ಟಿಕೀಟ್ ಎಲ್ಲೈತಿ?”

ತಾಜುದ್ದೀನ್ ಸಮಾಧಾನದಿಂದಲೇ ವಿವರಿಸಿದ. ಒಳಗೆ ಮೂರನೆಯವನು ಯಾರೂ ಇರಲಿಲ್ಲ. ಬಲಗಡೆಯ ಕಿಟಕಿಗೆ ಕ್ಯಾಮೆರಾ ಬಿಗಿದಿದ್ದರು. ಸೆಕೆಂಡಿಗೆ ಒಂದು ಚಿತ್ರದಂತೆ ಅದು ತನ್ನಷ್ಟಕ್ಕೆ ತೆಗೆಯುತ್ತಿತ್ತು. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಹೆಚ್ಚು ಹೊತ್ತು ಮೊದಲು ಇಳಿದವನ ಹತ್ತಿರವೇ ಇದ್ದದ್ದರಿಂದ ಪಾಪ ಅವನ ಒಳ್ಳೆಯ ಫೋಟೋಗಳೇ ಕಡಿಮೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಉತ್ಸಾಹದಲ್ಲಿ, ಆ ನೌಕೆಯಲ್ಲಿ ಸೀಟುಗಳೇ ಇರಲಿಲ್ಲ, ಇಬ್ಬರೂ ನಿಂತುಕೊಂಡೇ ಇಳಿದರು ಎಂದೂ ಸೇರಿಸಿದ. ಸೀಟಿಲ್ಲದ ಗಾಡಿಯಲ್ಲಿ ನಿಂತು ಹೋದವರು ಎಂದ ಮೇಲೆ ದೇವೇಂದ್ರಪ್ಪನವರಿಗೆ ಅನುಮಾನ ಇನ್ನೂ ಬಲವಾಯಿತು. ಸೀಟಿಲ್ಲದ ಕಡೆ ಲೆಕ್ಕ ತಪ್ಪಿಸುವುದು ಸುಲಭ, ಇಡೀ ಫಿಲ್ಮೇ ಇಲ್ಲೇ ಎಲ್ಲೋ ನೆಲದ ಮೇಲೆ ತೆಗೆದ ನಕಲಿ ಇರಬೇಕು ಎಂದು ಅವರ ಅನುಭವ ಹೇಳುತ್ತಿತ್ತು.

ಅವರು ನಂಬದಿದ್ದರೆ ತಾಜುದ್ದೀನನಿಗೆ ಏನೂ ಆಗಬೇಕಾದ್ದಿರಲಿಲ್ಲ. ಆದರೆ ತಿಂಡಿಯ ಹೊತ್ತಿಗೆ ಇನಾಯಾ ತಟ್ಟೆಯಿಂದ ತಲೆ ಎತ್ತದೆ, “ತಾತಾ ಹ್ಯಾಸ್ ಎ ಪಾಯಿಂಟ್, ಅಬ್ಬು” ಅಂದಳು. ಸೋಮವಾರ ಪ್ರತಿ ಮಗುವೂ ವಿಷಯ ಗೊತ್ತಿರುವ ಒಬ್ಬರು ದೊಡ್ಡವರನ್ನು ಕ್ಲಾಸಿಗೆ ಕರೆತರಬಹುದಿತ್ತು. ಒಬ್ಬರನ್ನು ಮಾತ್ರ. ಅವಳು ತಾತನನ್ನು, ಅಂದರೆ ದೇವೇಂದ್ರಪ್ಪನವರನ್ನು, ಕರೆಯುವ ಯೋಚನೆಯಲ್ಲಿದ್ದಳು.

ತಾಜುದ್ದೀನನಿಗೆ ಇದು ಚುಚ್ಚಿತು. ಹೋದ ವರ್ಷವೂ ಇಂಥದೇ ಒಂದು ದಿನ ಬಂದಿತ್ತು. ಅವತ್ತು ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಮೀಟಿಂಗು ಮುಗಿಯದೆ, ಅವನು ಫ್ರೀವೇ ಪಕ್ಕ ಕಾರು ನಿಲ್ಲಿಸಿ ಫೋನಿನಲ್ಲೇ ಕ್ಲಾಸಿಗೆ ಹಾಜರಾಗಿದ್ದ. ಇಪ್ಪತ್ತಾರು ಮಕ್ಕಳು ದೊಡ್ಡ ಪರದೆಯ ಮೇಲೆ ಹತ್ತು ನಿಮಿಷ ಅವನ ಗದ್ದದ ಕೆಳಭಾಗವನ್ನು ನೋಡಿದ್ದರು. ಆಮೇಲೆ ಮಗಳು ಅವನನ್ನು ಯಾವುದಕ್ಕೂ ಕರೆದಿರಲಿಲ್ಲ. ಈ ಸಲ ಅವಳ ಪಕ್ಕ ತಾನೇ ನಿಲ್ಲಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಸೋಮವಾರದ ರಜೆಯನ್ನು ಆಗಲೇ ಹಾಕಿಯಾಗಿತ್ತು.

“ಒಳಗೆ ಯಾರೂ ಇಲ್ದೆ ಫಿಲ್ಮ್ ತೆಗಿಯೋದು ಹೇಗೆ ಅಂತ ಸಂಜೆಯೊಳಗೆ ತೋರಿಸ್ತೀನಿ” ಅಂದ. “ತೋರಿಸಿದ್ರೆ ಸೋಮವಾರ ಬರೋದು ನಾನು. ಸರಿನಾ?”

ಇನಾಯಾ ಸ್ವಲ್ಪ ಯೋಚಿಸಿ ಕೈ ಚಾಚಿದಳು. ತೀರ್ಪು ಮಾತ್ರ ತಾತ ಹೇಳಬೇಕು ಎಂದು ಷರತ್ತು ಹಾಕಿದಳು.

ಗರಾಜಿನಲ್ಲಿ ಹೊಸ ಫ್ರಿಜ್ಜು ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಹತ್ತು ಗಂಟೆಗೆ ಅದು ನೌಕೆಯಾಗತೊಡಗಿತು. ತಾಜುದ್ದೀನ್ ಮುಂದುಗಡೆ ಒಂದು ತ್ರಿಕೋನದ ಕಿಟಕಿ ಕೊರೆದ, ಅದರ ಪಕ್ಕ ಕೆಳಗೆ ತೆವಳಿಕೊಂಡು ದಾಟುವ ಬಾಗಿಲು ಕೊರೆದ. ಕಿಟಕಿ ಎಡಕ್ಕೆ ಆಗಿತ್ತು. ಬಲಕ್ಕೆ ಇರಬೇಕು ಎಂದು ಇನಾಯಾ ನೆನಪಿಸಿದ ಮೇಲೆ ಇನ್ನೊಂದು ಕೊರೆದ. ಪೆಟ್ಟಿಗೆಯನ್ನು ನಾಲ್ಕು ಮರದ ಕಾಲುಗಳ ಮೇಲೆ ನಿಲ್ಲಿಸಿ, ಬಾಗಿಲಿಗೆ ಒಂದು ಪುಟ್ಟ ಏಣಿ ಆನಿಸಿ, ಒಂದೊಂದು ಕಾಲಿನ ಕೆಳಗೂ ಬಿರಿಯಾನಿಯ ಅಲ್ಯುಮಿನಿಯಂ ಟ್ರೇಗಳನ್ನು ನಾಲ್ಕು ನಾಲ್ಕರಂತೆ ಬೋರಲು ಹಾಕಿದ. ನೆಲಕ್ಕೆ ಮೈದಾ ಚೆಲ್ಲುವ ಯೋಚನೆಯಿತ್ತು. ಅವನ ತಾಯಿ ಬದರುನ್ನಿಸಾ ತಿನ್ನುವ ಪದಾರ್ಥ ನೆಲಕ್ಕೆ ಹಾಕಬೇಡ ಎಂದು ಗದರಿಸಿದ್ದರಿಂದ ಅಂಗಡಿಯಿಂದ ಆರು ಚೀಲ ಬೂದು ಮರಳು ತಂದು ಸುರಿದ.

ಬದರುನ್ನಿಸಾ ಚನ್ನಪಟ್ಟಣದ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ಮಗನ ನೌಕೆಯ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಭಾನುವಾರದ ದಾವತ್ತಿಗೆ ಟ್ರೇಗಳು ವಾಪಸು ಬೇಕು ಎಂದಷ್ಟೇ ಅವರು ಮೂರು ಸಲ ಬಂದು ಹೇಳಿ ಹೋದರು.

ಒಂದೂವರೆಗೆ ಎಲ್ಲ ಸಿದ್ಧವಾಯಿತು. ಇನಾಯಾ ಮತ್ತು ಶಿವಾನಿ ಬಿಳಿ ರೇನ್‌ಕೋಟು ತೊಟ್ಟು ಬಂದರು. ದೇವೇಂದ್ರಪ್ಪನವರು ಪೆಟ್ಟಿಗೆಯ ನಾಲ್ಕೂ ಮಗ್ಗುಲು ತಟ್ಟಿ, ಒಳಗೆ ತಲೆ ಹಾಕಿ, ಮೂರನೆಯ ಮನುಷ್ಯ ಅಡಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ತಾಜುದ್ದೀನ್ ಒಳಗೆ ಹೋಗಿ ಬಲಗಿಟಕಿಗೆ ಫೋನು ಬಿಗಿದು, ಸೆಕೆಂಡಿಗೆ ಒಂದು ಚಿತ್ರ ತೆಗೆಯುವಂತೆ ಇಟ್ಟು, ಹಿಮ್ಮುಖವಾಗಿ ತೆವಳಿಕೊಂಡು ಹೊರಬರುವಾಗ ಬಾಗಿಲಲ್ಲಿ ಸಿಕ್ಕಿಕೊಂಡ. ಬಾಗಿಲು ಮಕ್ಕಳ ಅಳತೆಯದು, ಅವನ ಸೊಂಟ ದೊಡ್ಡವರದು. ಇನ್‌ಸ್ಪೆಕ್ಟರು ಒಂದು ಕಾಲು, ಮಕ್ಕಳು ಒಂದು ಕಾಲು ಹಿಡಿದು ಒಂದೂವರೆ ನಿಮಿಷ ಜಗ್ಗಿದ ಮೇಲೆ ಬಿಡುಗಡೆಯಾಯಿತು.

ಅಷ್ಟರಲ್ಲಿ ಜೇಬಿನಲ್ಲಿದ್ದ ಆಫೀಸಿನ ಫೋನಿಗೆ ಕರೆ ಬಂತು. ಆ ವಾರ ತುರ್ತು ಕೆಲಸಕ್ಕೆ ಓಗೊಡುವ ಸರದಿ ಅವನದು, ಎಲ್ಲೋ ಒಂದು ಸರ್ವರ್ ಮಲಗಿಬಿಟ್ಟಿತ್ತು. ಹೋಗುವ ಮುಂಚೆ ದೇವೇಂದ್ರಪ್ಪನವರು ಇನ್ನೊಂದು ನಿಯಮ ಹೇಳಿದರು: ಎರಡು ತಾಸಿನ ತನಕ ಫೋನನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ತಾವೇ ಅದನ್ನು ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಾರೆ, ಎಲ್ಲರೆದುರೇ ಟೀವಿಯಲ್ಲಿ ಹಾಕಬೇಕು. ನಡುವೆ ಕೈಚಳಕ ಆಗಬಾರದು. ತಾಜುದ್ದೀನ್ ಎಲ್ಲದಕ್ಕೂ ಒಪ್ಪಿ, ಮಹಡಿಯ ಮೇಲಿದ್ದ ಲ್ಯಾಪ್‌ಟಾಪಿನ ಕಡೆ ಓಡಿದ. ಸರ್ವರ್ ಎದ್ದಾಗ ಆರು ಗಂಟೆಯಾಗಿತ್ತು.

ಕೆಳಗೆ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ದೇವೇಂದ್ರಪ್ಪನವರು ಕರ್ಚೀಫಿನ ಗಂಟು ಬಿಚ್ಚಿ ಫೋನು ಕೊಟ್ಟರು. ಸೆಕೆಂಡಿಗೆ ಒಂದರಂತೆ ತೆಗೆದ ಎರಡು ತಾಸಿನ ಚಿತ್ರ ನಾಲ್ಕು ನಿಮಿಷಕ್ಕೆ ಇಳಿದಿತ್ತು.

ಮೊದಲು ಬೂದು ಮರಳು ಕಂಡಿತು. ನುಣ್ಣಗೆ, ನಿರ್ಜನವಾಗಿ, ನಿಜಕ್ಕೂ ಚಂದ್ರನ ಹಾಗೇ ಇತ್ತು. ತಾಜುದ್ದೀನನಿಗೆ ಹೆಮ್ಮೆಯಾಯಿತು. ಕೂಡಲೇ ಪರದೆಯ ತುಂಬ ಅವನದೇ ಹಿಂಭಾಗ ಬಂದು ಮೂರು ಸೆಕೆಂಡು ಒದ್ದಾಡಿ ಮಾಯವಾಯಿತು. ಇಡೀ ಚಿತ್ರದಲ್ಲಿ ಅವನು ಇದ್ದದ್ದು ಅಷ್ಟೇ.

ಆಮೇಲೆ ಗಗನಯಾತ್ರಿಗಳು ಬಂದರು. ಇಬ್ಬರೂ ಏಣಿಯ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಿದರು, ಬರಿಗಾಲಲ್ಲಿ ಇಳಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಹೊಸ್ತಿಲ ಹೊರಗೆ ಚಪ್ಪಲಿ ಬಿಡದೆ ಯಾವ ಮನೆಗೂ ಹೋಗಿ ಗೊತ್ತಿಲ್ಲದ ಮಕ್ಕಳು, ನೌಕೆಗೂ ಹಾಗೇ ಮಾಡಿದ್ದವು. ಚಪ್ಪಲಿ ಕಂಡ ಕಡೆ ಚಪ್ಪಲಿ ಬಿಡುವುದು ದೊಡ್ಡವರ ಅಭ್ಯಾಸ. ಸ್ವಲ್ಪ ಹೊತ್ತಿಗೆ ಚಂದ್ರನ ಮೇಲೆ ಐದು ಜೋಡಿ ಸಾಲಾಗಿ ನಿಂತವು.

ಮೂರನೆಯ ಜೋಡಿ ಈರವ್ವನದು. ಬಂದ ಹೊಸತರಲ್ಲಿ ಆಕೆ ಮಗನ ಮನೆಯ ಡ್ರೈವ್‌ವೇಯಲ್ಲಿ ರಂಗೋಲಿ ಹಾಕಿದ್ದಕ್ಕೆ ಬಡಾವಣೆಯ ಸಂಘದವರಿಂದ ಅಳಿಸಿ ಎಂಬ ಪತ್ರ ಬಂದಿತ್ತು. ನಾಲ್ಕು ತಿಂಗಳು ಕೈ ಕಟ್ಟಿಕೊಂಡಿದ್ದವಳಿಗೆ ಈಗ ಇಷ್ಟಗಲದ ಖಾಲಿ ನೆಲ ಸಿಕ್ಕಿತ್ತು, ಕೇಳುವವರಿಲ್ಲ. ನೀರು ಚಿಮುಕಿಸಿದಳು, ಮರಳು ಸಮ ಮಾಡಿದಳು, ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಎಳೆದಳು. ಇಬ್ಬರು ಗಗನಯಾತ್ರಿಗಳು ಅದನ್ನು ತುಳಿಯದಂತೆ ಸುತ್ತು ಹಾಕಿಕೊಂಡು ಓಡಾಡಿದರು.

ನಾಲ್ಕನೆಯ ಜೋಡಿ ದೇವೇಂದ್ರಪ್ಪನವರದು. ಇನ್‌ಸ್ಪೆಕ್ಟರು ಹಿತ್ತಲ ಗಿಡದಿಂದ ನಾಲ್ಕು ನಿಂಬೆಹಣ್ಣು ಕಿತ್ತು ತಂದು, ಅತ್ತಿತ್ತ ನೋಡಿ, ನೌಕೆಯ ಒಂದೊಂದು ಕಾಲಿನ ಪಕ್ಕಕ್ಕೂ ಒಂದೊಂದು ಇಟ್ಟರು. ಡಿಪೋದಲ್ಲಿ ಹೊಸ ಗಾಡಿ ನಿಂಬೆಹಣ್ಣಿಲ್ಲದೆ ಹೊರಟಿದ್ದನ್ನು ಅವರು ನೋಡಿದವರಲ್ಲ.

ಐದನೆಯ ಜೋಡಿ ಬದರುನ್ನಿಸಾರದು. ಮಕ್ಕಳಿಗೆ ಬಿಸ್ಕತ್ತು ತಂದರು, ವಾಪಸು ಹೋಗುವಾಗ ನೌಕೆಯ ಕಾಲಿನ ಕೆಳಗಿಂದ ಒಂದು ಟ್ರೇ ಎಳೆದುಕೊಂಡರು. ಮತ್ತೆ ಬಂದು ಇನ್ನೊಂದು ಎಳೆದರು. ಮೂರನೇ ನಿಮಿಷದಿಂದ ಚಂದ್ರನ ನೆಲ ಎಡಕ್ಕೆ ವಾಲತೊಡಗಿತು. ಕೊನೆಯಲ್ಲಿ ಒಂದು ನಿಂಬೆಹಣ್ಣು ಎಳೆದ ಟ್ರೇಗೆ ತಾಕಿ ಉರುಳಿ ಚಪ್ಪಲಿಯೊಂದರ ಒಳಗೆ ಹೋಗಿ ಕೂತಿತು. ಚಿತ್ರ ಮುಗಿಯಿತು.

ತಾಜುದ್ದೀನ್ ಮಗಳ ಮುಖ ನೋಡಲಿಲ್ಲ. ಸೋಮವಾರದ ರಜೆ ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿದ್ದ.

ದೇವೇಂದ್ರಪ್ಪನವರು ಎದ್ದು ನಿಂತರು.

“ಮೂವತ್ತೊಂದು ವರ್ಷ ಖೊಟ್ಟಿ ಟಿಕೀಟ್ ಹಿಡದೀನಿ. ಖೊಟ್ಟಿ ಮಾಡಾವ ಎಷ್ಟ ಶ್ಯಾಣ್ಯಾ ಇದ್ರೂ ಏನರ ಒಂದು ಬಿಟ್ಟ ಹೋಗತಾನ. ಈಗ ನೋಡ್ರಿ, ಒಂದ ಮಧ್ಯಾಹ್ನದಾಗ ನಾವು ಚಪ್ಲಿ ಬಿಟ್ಟೀವಿ, ರಂಗೋಲಿ ಬಿಟ್ಟೀವಿ, ಲಿಂಬಿಹಣ್ಣು ಬಿಟ್ಟೀವಿ. ಅವರ ಫಿಲ್ಮ್ ನಿನ್ನಿ ಪೂರಾ ನೋಡೀನಿ. ಒಂದ ಚಪ್ಲಿ ಕಾಣಲಿಲ್ಲ. ಅಂದ್ರ ಅದು ಗರಾಜಿನ್ಯಾಗ ಮಾಡಿದ್ದಲ್ಲ. ಅವರು ಖರೇನ ಹೋಗಿದ್ರು.”

ತಾಜುದ್ದೀನನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಗೆದ್ದಿದ್ದ. ಒಳಗೆ ಯಾರೂ ಇರಲಿಲ್ಲ, ಆದರೂ ಚಿತ್ರ ಬಂದಿದೆ ಎಂಬುದನ್ನೂ ಇನ್‌ಸ್ಪೆಕ್ಟರು ಅದೇ ಉಸಿರಿನಲ್ಲಿ ಒಪ್ಪಿಕೊಂಡರು. ಅವನು ಖುಷಿಯಿಂದ ಮಗಳ ಕಡೆ ತಿರುಗಿದ. ಇನಾಯಾ ನೋಡುತ್ತಿದ್ದದ್ದು ದೇವೇಂದ್ರಪ್ಪನವರನ್ನು. ಅವಳ ಕಣ್ಣು ಅರಳಿತ್ತು.

“ವಾವ್, ತಾತಾ. ದಟ್ಸ್ ಲೈಕ್ ರಿಯಲ್ ಡಿಟೆಕ್ಟಿವ್ ವರ್ಕ್.”

“ಬೆಳಿಗ್ಗೆಯಿಂದ ನಾನೂ ಅದನ್ನೇ ಹೇಳ್ತಿದ್ದೆ ಅಲ್ವಾ?” ಅಂದ ತಾಜುದ್ದೀನ್.

“ನೀವು ಹೇಳಿದ್ರಿ, ಅಬ್ಬು. ತಾತಾ ಪ್ರೂವ್ ಮಾಡಿದ್ರು.”

ಪಂದ್ಯದ ಮಾತು ಎತ್ತಬಹುದಿತ್ತು. ಆದರೆ ಹತ್ತು ವರ್ಷದ ಮಗು ಬೇರೆಯವರನ್ನು ಅಷ್ಟು ಮೆಚ್ಚಿ ನೋಡುತ್ತಿರುವಾಗ ಷರತ್ತು ನೆನಪಿಸುವುದು ಅವನಿಂದ ಆಗಲಿಲ್ಲ. ಸೋಮವಾರಕ್ಕೆ ಇನ್‌ಸ್ಪೆಕ್ಟರು ಹಳೆಯ ಖಾಕಿ ಕೋಟು ಇಸ್ತ್ರಿ ಮಾಡಿಸುವುದೆಂದೂ, ಹೋಲಿಸಿ ತೋರಿಸಲು ಗರಾಜಿನ ಚಿತ್ರವನ್ನೇ ಕ್ಲಾಸಿನಲ್ಲಿ ಹಾಕುವುದೆಂದೂ ಅಲ್ಲೇ ತೀರ್ಮಾನವಾಯಿತು. ಮೊದಲ ಮೂರು ಸೆಕೆಂಡು ತೆಗೆದುಹಾಕಿ ಎಂದು ತಾಜುದ್ದೀನ್ ಕೇಳಿಕೊಂಡ. ಸಾಕ್ಷಿಯನ್ನು ಕತ್ತರಿಸುವ ಹಾಗಿಲ್ಲ ಎಂದು ದೇವೇಂದ್ರಪ್ಪನವರು ಹೇಳಿದರು.

ಅವನ ಮುಖ ಬಾಡಿದ್ದು ಇನಾಯಾಗೆ ಕಂಡಿರಬೇಕು. ಹತ್ತಿರ ಬಂದು ತೋಳು ಹಿಡಿದಳು.

“ನೀವೂ ಬನ್ನಿ ಅಬ್ಬು. ಪ್ಲೀಸ್. ನಂದೂ ತಾತಾದೂ ವೀಡಿಯೊ ತೆಗಿಯೋಕೆ ಯಾರಾದ್ರೂ ಬೇಕಲ್ವಾ?”

“ಕ್ಲಾಸಲ್ಲಿ ಒಬ್ರನ್ನೇ ತಾನೇ ಬಿಡೋದು?”

ಇನಾಯಾ ಟೀವಿಯಲ್ಲಿ ನಿಂತಿದ್ದ ಚಿತ್ರದ ಕಡೆ ನೋಡಿದಳು.

“ಕಾರಿಡಾರ್ ಕಡೆ ಒಂದು ಕಿಟಕಿ ಇದೆ” ಅಂದಳು.